ಗಣಕದಲ್ಲಿ ಪಠ್ಯ ಸಂಪಾದನೆ: ಸೇಲಂ–ಧರ್ಮಪುರಿ ಕನ್ನಡದ ನೆಲೆಯಲ್ಲಿ

ಸೇಲಂ ಹಾಗೂ ಧರ್ಮಪುರಿ ಜಿಲ್ಲೆಗಳಲ್ಲಿ ಕನ್ನಡವು ಬಹುಮಟ್ಟಿಗೆ ಮನೆಮಾತು. ದೇವಾಂಗ ನೇಕಾರರೇ ಮೊದಲಾದ ಇಲ್ಲಿನ ಕನ್ನಡಿಗರ ಓದುಬರಹ ಹೆಚ್ಚಾಗಿ ತಮಿಳಿನಲ್ಲಿ ನಡೆಯುತ್ತದೆ. ಆದ್ದರಿಂದ ಇಲ್ಲಿನ ಕತೆ, ಹಾಡು, ಕಸುಬಿನ ಪದಗಳು ಧ್ವನಿಮುದ್ರಣದಿಂದಲೋ ಕ್ಷೇತ್ರ ಟಿಪ್ಪಣಿಯಿಂದಲೋ ಗಣಕಕ್ಕೆ ಬಂದು, ಅಲ್ಲಿ ತಿದ್ದುಪಡಿಗೊಂಡು ಅಚ್ಚಾಗುತ್ತವೆ. ಪದಸಂಸ್ಕಾರಕ ತಂತ್ರಾಂಶಗಳು ಈ ತಿದ್ದುವ ಕೆಲಸದ ಶ್ರಮವನ್ನು ಬಹಳಷ್ಟು ಉಳಿಸುತ್ತವೆ. ಆದರೆ ಬೆರಳಚ್ಚಿನ ದೋಷ ಯಾವುದು, ಭಾಷೆಯ ಲಕ್ಷಣ ಯಾವುದು ಎಂಬ ವಿವೇಚನೆ ಯಂತ್ರಕ್ಕಿಲ್ಲ.

ಮೊದಲ ಹೆಜ್ಜೆ ಸಂಕೇತ ಪರಿವರ್ತನೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿರುತ್ತದೆ. ಅಂಥ ಕಡತದಲ್ಲಿ ಯೂನಿಕೋಡ್ ಕನ್ನಡ ಪದವನ್ನು ಹುಡುಕಿದರೆ ಸಿಗದು. ಆದ್ದರಿಂದ ಕಡತವನ್ನು ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಪರಿಶೀಲಿಸಿದ ಬಳಿಕವೇ ಸಂಪಾದನೆಗೆ ತೊಡಗಬೇಕು.

ಎರಡನೆಯದು ಯಾಂತ್ರಿಕ ದೋಷಗಳು. ಇವುಗಳಿಗೆ ‘ಎಲ್ಲವನ್ನೂ ಬದಲಿಸು’ ಆಜ್ಞೆ ಯೋಗ್ಯ. ಎರಡು ತೆರಪುಗಳನ್ನು ಹುಡುಕಿ ಒಂದಕ್ಕೆ ಇಳಿಸುವುದು ಇದಕ್ಕೆ ಸರಳ ಉದಾಹರಣೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿರುವುದೂ ಸಾಮಾನ್ಯ ದೋಷ. ಪಠ್ಯದಲ್ಲಿ ಕನ್ನಡ ಅಂಕಿಗಳೂ ಇದ್ದರೆ ಮಾತ್ರ ಇದನ್ನು ಒಂದೊಂದಾಗಿ ನೋಡಿ ತಿದ್ದಬೇಕು. ‘ರಾಜ್‌ಕುಮಾರ್’, ‘ರಾಜ್ಕುಮಾರ್’ ಎಂಬಂಥ ರೂಪಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತದ ವ್ಯತ್ಯಾಸವಿರುವುದರಿಂದ ಹೆಸರುಗಳನ್ನು ಎರಡೂ ಬಗೆಯಲ್ಲಿ ಹುಡುಕುವುದು ಕ್ಷೇಮ.

ಆಡುಮಾತಿನ ರೂಪಗಳಿಗೆ ಈ ಆಜ್ಞೆ ಸಲ್ಲದು. ದಕ್ಷಿಣದ ಆಡುಗನ್ನಡದಲ್ಲಿ ಪದದ ಮೊದಲ ಹಕಾರ ಲೋಪವಾಗಿ ‘ಹಾಲು’ ಎಂಬುದು ‘ಆಲು’ ಆಗುವುದುಂಟು. ಇದನ್ನು ತಪ್ಪೆಂದು ಬಗೆದು ಎಲ್ಲೆಡೆ ಬದಲಿಸಿದರೆ ‘ಆಲುಗಡ್ಡೆ’ಯೂ ‘ಹಾಲುಗಡ್ಡೆ’ಯಾಗುತ್ತದೆ. ಪೂರ್ಣ ಪದವನ್ನಷ್ಟೇ ಹುಡುಕುವ ಆಯ್ಕೆಯನ್ನು ಬಳಸಿದರೆ ‘ಆಲಿಗೆ’, ‘ಆಲಲ್ಲಿ’ ಮುಂತಾದ ವಿಭಕ್ತಿರೂಪಗಳು ಉಳಿದುಹೋಗಿ ಪಠ್ಯ ಅರ್ಧ ತಿದ್ದಿದಂತಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ತಮಿಳಿನ ‘ಪಾಲ್’, ಬರಹಗನ್ನಡದ ‘ಹಾಲು’, ಆಡುಮಾತಿನ ‘ಆಲು’ ಇವು ಪಕಾರ ಹಕಾರವಾಗಿ, ಹಕಾರ ಲೋಪಗೊಂಡ ಧ್ವನಿವ್ಯತ್ಯಾಸದ ಮೂರು ಮೆಟ್ಟಿಲುಗಳು. ಒಂದು ಗುಂಡಿ ಒತ್ತಿದಾಗ ಮೂರನೆಯ ಮೆಟ್ಟಿಲು ದಾಖಲೆಯಿಂದ ಅಳಿಯುತ್ತದೆ.

ಇದಕ್ಕೆ ಪರಿಹಾರವೂ ತಂತ್ರಾಂಶದಲ್ಲೇ ಇದೆ. ವಕ್ತೃಗಳ ಮಾತನ್ನು ಪ್ರತ್ಯೇಕ ಪ್ಯಾರಾಗಳಲ್ಲಿಟ್ಟು ಅವುಗಳಿಗೆ ಬೇರೆಯೇ ‘ಸ್ಟೈಲ್’ ಕೊಡಬೇಕು. ವರ್ಡ್ ಮತ್ತು ಲಿಬ್ರೆ ಆಫೀಸುಗಳೆರಡರಲ್ಲೂ ಹುಡುಕಾಟವನ್ನು ಒಂದು ಸ್ಟೈಲಿಗೆ ಸೀಮಿತಗೊಳಿಸಬಹುದು. ಆಗ ಸಂಪಾದಕರ ವಿವರಣೆಯ ಭಾಗವಷ್ಟೇ ತಿದ್ದುಪಡಿಯಾಗಿ ವಕ್ತೃವಿನ ನುಡಿ ಹಾಗೆಯೇ ಉಳಿಯುತ್ತದೆ.

ತಮಿಳು ಲಿಪಿಯಲ್ಲಿ ಬರೆದುಕೊಂಡ ಕನ್ನಡ ಪಠ್ಯಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ಲಿಪಿಯಲ್ಲಿ ಪಕಾರ–ಬಕಾರಗಳಿಗೆ ಒಂದೇ ಅಕ್ಷರ. ಹೀಗಾಗಿ ನೇಕಾರರ ‘ಪಟ್ಟೆ’ಗೂ ‘ಬಟ್ಟೆ’ಗೂ ಬರಹದಲ್ಲಿ ಭೇದವಿರದು. ಲಿಪ್ಯಂತರ ತಂತ್ರಾಂಶದ ಫಲಿತಾಂಶವನ್ನು ಮೊದಲ ಕರಡೆಂದಷ್ಟೇ ಪರಿಗಣಿಸಿ, ಧ್ವನಿಮುದ್ರಣ ಆಲಿಸಿಯೇ ಅಂತಿಮಗೊಳಿಸಬೇಕು.

ಸ್ಥಳನಾಮಗಳ ವಿಷಯವೂ ಹೀಗೆಯೇ. ಧರ್ಮಪುರಿಯು ಸೇಲಂ ಜಿಲ್ಲೆಯಿಂದ 1965ರಲ್ಲಿ ಬೇರ್ಪಟ್ಟಿತು. ಧರ್ಮಪುರಿಯಿಂದ ಕೃಷ್ಣಗಿರಿ 2004ರಲ್ಲಿ ಬೇರೆಯಾಯಿತು. ಹಳೆಯ ಟಿಪ್ಪಣಿಯೊಂದರ ‘ಧರ್ಮಪುರಿ ಜಿಲ್ಲೆಯ ಹೊಸೂರು’ ಇಂದು ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದರೂ, ಮೂಲವನ್ನು ಬದಲಿಸದೆ ‘ಕಮೆಂಟ್’ ಸೌಲಭ್ಯದಿಂದ ಪಕ್ಕದಲ್ಲಿ ಟಿಪ್ಪಣಿ ಸೇರಿಸುವುದೇ ಸರಿಯಾದ ಕ್ರಮ.

ಯಾವುದೇ ಸಾಮೂಹಿಕ ಬದಲಾವಣೆಗೆ ಮುನ್ನ ಮೂಲ ಕಡತದ ಪ್ರತಿಯೊಂದನ್ನು ತೆಗೆದಿಡಬೇಕು. ತಿದ್ದುಪಡಿಗಳನ್ನು ಗುರುತಿಸುವ ‘ಟ್ರ್ಯಾಕ್ ಚೇಂಜಸ್’ ಚಾಲನೆಯಲ್ಲಿರಬೇಕು. ತೆರಪು, ಸೊನ್ನೆಗಳನ್ನು ತಿದ್ದುವಲ್ಲಿ ಉಳಿದ ಗಂಟೆಗಳು ಧ್ವನಿಮುದ್ರಣವನ್ನು ಮತ್ತೊಮ್ಮೆ ಆಲಿಸಲು ಒದಗಿದರೆ ಮಾತ್ರ ಆ ಉಳಿತಾಯ ಸಾರ್ಥಕ. ಬರಹಕ್ಕಿಳಿಯದ ನುಡಿಗೆ ಎಷ್ಟೋ ಸಲ ಈ ಕಡತವೇ ಮೊದಲ ಲಿಖಿತ ಸಾಕ್ಷ್ಯ.