ರೆಸಿಸ್ಟರ್‌ನಿಂದ ಎಂಜಿನ್ನಿಗೆ ಬಲ ಬರುವುದೇ?

ಕೆಲವೇ ರೂಪಾಯಿ ಬೆಲೆಯ ರೆಸಿಸ್ಟರ್ ಒಂದನ್ನು ಜೋಡಿಸಿದರೆ ಡೀಸೆಲ್ ಟ್ರಕ್ಕಿನ ಬಲ ಹೆಚ್ಚುತ್ತದೆ ಎಂದರೆ ನೀವು ನಂಬುವಿರಾ? ರೆಸಿಸ್ಟರ್ ವಿದ್ಯುತ್ತನ್ನು ಶಾಖವಾಗಿ ಮಾರ್ಪಡಿಸುತ್ತದೆಯೇ ಹೊರತು ಶಕ್ತಿಯನ್ನು ಉತ್ಪಾದಿಸುವುದಿಲ್ಲ. ಆದರೂ ಅಮೆರಿಕದ ಹವ್ಯಾಸಿಗಳು ಈ ಉಪಾಯದಿಂದ ಬಲ ಹೆಚ್ಚಿಸಿಕೊಂಡದ್ದುಂಟು. ಅದು ಬಂದದ್ದು ಎಲ್ಲಿಂದ?

1994ರಿಂದ 2003ರವರೆಗೆ ಫೋರ್ಡ್ ಪಿಕಪ್ ಟ್ರಕ್ಕುಗಳಲ್ಲಿ ಬಳಕೆಯಾದ 7.3 ಲೀಟರಿನ ‘ಪವರ್ ಸ್ಟ್ರೋಕ್’ ಎಂಜಿನ್ನನ್ನು ನೋಡೋಣ. ಇದರಲ್ಲಿ ಡೀಸೆಲನ್ನು ಸಿಲಿಂಡರಿನೊಳಕ್ಕೆ ಚಿಮ್ಮಿಸುವುದು ಒತ್ತಡಕ್ಕೊಳಗಾದ ಎಂಜಿನ್ ಆಯಿಲ್. ಇಂಜೆಕ್ಟರಿನೊಳಗಿನ ಪಿಸ್ಟನ್ನಿನ ಆಯಿಲ್ ಬದಿಯ ವಿಸ್ತೀರ್ಣ ಡೀಸೆಲ್ ಬದಿಯದಕ್ಕಿಂತ ಸುಮಾರು 7 ಪಟ್ಟು. ಆದ್ದರಿಂದ ಆಯಿಲ್ ಒತ್ತಡ 200 ಬಾರ್ ಇದ್ದರೆ ಡೀಸೆಲಿನ ಒತ್ತಡ ಸುಮಾರು 1,400 ಬಾರ್ ಆಗುತ್ತದೆ. ಆಯಿಲ್ ಒತ್ತಡವನ್ನು ಸಂವೇದಕವೊಂದು ಅಳೆದು, ವೋಲ್ಟೇಜಿನ ರೂಪದಲ್ಲಿ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಒತ್ತಡ ಕಡಿಮೆಯಾದರೆ ಕಂಪ್ಯೂಟರ್ ಅದನ್ನು ಏರಿಸುತ್ತದೆ, ಹೆಚ್ಚಾದರೆ ಇಳಿಸುತ್ತದೆ.

ಹವ್ಯಾಸಿಗಳು ಕೈಯಿಟ್ಟದ್ದು ಇಲ್ಲೇ. ಸಂವೇದಕದ ಸಂಕೇತ ತಂತಿಗೂ ಗ್ರೌಂಡ್ ತಂತಿಗೂ ನಡುವೆ ರೆಸಿಸ್ಟರ್ ಸೇರಿಸಿದರೆ ವೋಲ್ಟೇಜ್ ಕುಗ್ಗುತ್ತದೆ. ಇದರ ತತ್ತ್ವವನ್ನು ತರಗತಿಯಲ್ಲೇ ಪರೀಕ್ಷಿಸಬಹುದು. 1,000 ಓಮ್‌ನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, 4.5 ವೋಲ್ಟ್ ಬ್ಯಾಟರಿಗೆ ಸೇರಿಸಿ. ಒಂದರ ತುದಿಗಳ ನಡುವೆ ಮಲ್ಟಿಮೀಟರ್ 2.25 ವೋಲ್ಟ್ ತೋರಿಸುತ್ತದೆ. ಅದಕ್ಕೆ ಸಮಾಂತರವಾಗಿ ಇನ್ನೊಂದು 1,000 ಓಮ್ ರೆಸಿಸ್ಟರ್ ಸೇರಿಸಿ, ಅಳತೆ 1.5 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿ ಬದಲಾಗಿಲ್ಲ, ಅಳತೆ ಮಾತ್ರ ಬದಲಾಗಿದೆ.

ಹೀಗೆ ಮೋಸಹೋದ ಕಂಪ್ಯೂಟರ್ ಆಯಿಲ್ ಒತ್ತಡ ಸಾಲದೆಂದು ತಿಳಿದು ಅದನ್ನು ಏರಿಸುತ್ತದೆ. ಅಷ್ಟೇ ಸಮಯದಲ್ಲಿ ಹೆಚ್ಚು ಡೀಸೆಲ್ ಸಿಲಿಂಡರಿಗೆ ನುಗ್ಗುತ್ತದೆ. ಹೆಚ್ಚುವರಿ ಬಲದ ಮೂಲ ಈ ಡೀಸೆಲೇ.

ಇದಕ್ಕೆ ತೆರಬೇಕಾದ ಬೆಲೆಯೇನು? ಗಾಳಿ ಸಾಲದಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಹೊರಬೀಳುವ ಅನಿಲದ ಉಷ್ಣತೆ ಏರಿ ಟರ್ಬೊ, ಅಲ್ಯೂಮಿನಿಯಂ ಪಿಸ್ಟನ್‌ಗಳು ಅಪಾಯಕ್ಕೀಡಾಗುತ್ತವೆ. ಆಯಿಲ್ ಪಂಪಿನ ಮೇಲೂ ಹೊರೆ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಜವಾದ ಒತ್ತಡ ಮಿತಿ ಮೀರಿದರೂ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ಕೆಡಿಸುವುದನ್ನು ಅಮೆರಿಕದ ಶುದ್ಧ ಗಾಳಿ ಕಾಯಿದೆಯೂ ನಿಷೇಧಿಸಿದೆ.

ಜ್ವರ ಬಂದವನು ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿ ವೈದ್ಯರಿಗೆ ತೋರಿಸಿದರೆ ಜ್ವರ ಇಳಿದೀತೇ? ಅಳತೆಯನ್ನು ನಂಬಿ ನಡೆಯುವ ಯಾವುದೇ ಯಂತ್ರದಲ್ಲಿ ಸಂವೇದಕ ನಿಜ ಹೇಳುವುದೇ ಮೊದಲ ರಕ್ಷಣೆ.