ಟಾಟಾ ಹಣ, ಮೈಸೂರಿನ ನೆಲ, ಗಂಧದ ಎಣ್ಣೆ

ಬೆಂಗಳೂರಿನ ಹಳಬರಿಗೆ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಕಾಗದಪತ್ರಗಳಲ್ಲಿ ಮಾತ್ರ ಭಾರತೀಯ ವಿಜ್ಞಾನ ಸಂಸ್ಥೆ. ತಮ್ಮ ಹೆಸರು ಇಡುವುದು ಬೇಡವೆಂದವರು ಹಣ ಕೊಟ್ಟ ಜಮ್‌ಷೆಟ್‌ಜಿ ಟಾಟಾ ಅವರೇ. ಜನ ಕೇಳಲಿಲ್ಲ, ಅಷ್ಟೆ.

ಸರ್ಕಾರ ಮತ್ತು ಖಾಸಗಿಯವರು ಕೈಜೋಡಿಸುವ ಕೆಲಸಕ್ಕೆ ಈಗ ಪಿ.ಪಿ.ಪಿ. ಎಂಬ ಮೂರಕ್ಷರದ ಹೆಸರಿದೆ. ಹೆದ್ದಾರಿ, ವಿಮಾನ ನಿಲ್ದಾಣಗಳ ಮಾತು ಬಂದಾಗಲೆಲ್ಲ ಅದು ಕಿವಿಗೆ ಬೀಳುತ್ತದೆ. ರಸ್ತೆ ಹಾಕಿದವನು ಟೋಲ್ ವಸೂಲು ಮಾಡಿ ಬಂಡವಾಳ ತೆಗೆಯಬಹುದು. ಆದರೆ ಇನ್ನೂ ಹುಟ್ಟದ ಶೋಧಕ್ಕೆ ಟೋಲ್ ಕಟ್ಟುವವರು ಯಾರು? ಹತ್ತು ಪ್ರಯೋಗಗಳಲ್ಲಿ ಒಂಬತ್ತು ಸೋತರೆ ನಷ್ಟ ಹೊರುವವರು ಯಾರು? ವಿಜ್ಞಾನದಲ್ಲಿ ಈ ಪಾಲುದಾರಿಕೆ ತೊಡಕಾಗುವುದು ಇಲ್ಲೇ. ಈ ತೊಡಕನ್ನು ನಮ್ಮ ನೆಲದಲ್ಲೇ ನೂರು ವರ್ಷಗಳಿಗೂ ಹಿಂದೆ ಒಮ್ಮೆ ಬಿಡಿಸಿದ್ದರು.

ಉನ್ನತ ವಿಜ್ಞಾನಕ್ಕೊಂದು ಸಂಸ್ಥೆ ಬೇಕೆಂಬ ಟಾಟಾ ಅವರ ಯೋಜನೆ 1898ರ ಡಿಸೆಂಬರ್ 31ರಂದು, ಆಗಷ್ಟೇ ಮುಂಬಯಿಗೆ ಬಂದಿಳಿದಿದ್ದ ಲಾರ್ಡ್ ಕರ್ಜನ್ ಕೈ ಸೇರಿತು. ಟಾಟಾ ಮುಡಿಪಿಟ್ಟದ್ದು ಮುಂಬಯಿಯ ತಮ್ಮ ಕಟ್ಟಡ, ಜಮೀನುಗಳನ್ನು. ಅವುಗಳ ಬೆಲೆ ಸುಮಾರು 30 ಲಕ್ಷ ರೂಪಾಯಿ, ವರ್ಷದ ಆದಾಯ ಒಂದೂಕಾಲು ಲಕ್ಷ. ಕರ್ಜನ್‌ಗೆ ಎರಡು ಅನುಮಾನ: ಇಂಥ ಓದಿಗೆ ತಕ್ಕ ವಿದ್ಯಾರ್ಥಿಗಳು ಸಿಗುವರೆ? ಓದಿದವರಿಗೆ ಕೆಲಸ ಎಲ್ಲಿದೆ?

ಬ್ರಿಟನ್ನಿನ ಹೆಸರಾಂತ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ 1900ರಲ್ಲಿ ಬಂದು ದೇಶ ಸುತ್ತಿ, ಬೆಂಗಳೂರು ಸರಿಯಾದ ಜಾಗ ಎಂದರು. ಆಮೇಲೆ ಇನ್ನೊಂದು ಸಮಿತಿ, ಇನ್ನಷ್ಟು ಪತ್ರವ್ಯವಹಾರ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದ್ದಂತೆ 1904ರ ಮೇ ತಿಂಗಳಲ್ಲಿ ಟಾಟಾ ಜರ್ಮನಿಯಲ್ಲಿ ತೀರಿಕೊಂಡರು. ಮಕ್ಕಳು ತಂದೆಯ ಮಾತಿನಿಂದ ಹಿಂದೆ ಸರಿಯಲಿಲ್ಲ. ಸಂಸ್ಥೆಗೆ ಕಾನೂನಿನ ರೂಪ ಬಂದದ್ದು 1909ರ ಮೇ 27ರಂದು, ವಿದ್ಯಾರ್ಥಿಗಳು ಒಳಬಂದದ್ದು 1911ರಲ್ಲಿ.

ಈ ನಡುವೆ ಕೆಲಸವನ್ನು ನಿಜವಾಗಿ ಮುಂದಕ್ಕೆ ತಳ್ಳಿದ್ದು ಮೈಸೂರು ಸಂಸ್ಥಾನ. 1907ರಲ್ಲಿ ಅದು 371 ಎಕರೆ 16 ಗುಂಟೆ ಜಾಗ ಕೊಟ್ಟಿತು. ಕಟ್ಟಡದ ಖರ್ಚಿಗೆ 5 ಲಕ್ಷ ರೂಪಾಯಿ, ಪ್ರತಿವರ್ಷ 50 ಸಾವಿರ ಕೊಡಲು ಒಪ್ಪಿತು. ಭಾರತ ಸರ್ಕಾರವೂ ವಾರ್ಷಿಕ ಅನುದಾನಕ್ಕೆ ತಲೆಯಾಡಿಸಿತು. ಹೀಗೆ ವ್ಯಾಪಾರಿಯ ಆಸ್ತಿ, ಮಹಾರಾಜರ ನೆಲ, ವೈಸರಾಯರ ಅನುದಾನ ಮೂರೂ ಕೂಡಿದವು. ಟಾಟಾ ಆಸ್ತಿ ದತ್ತಿ ಕಾಯಿದೆಯ ಕೆಳಗೆ ಬಂದಿತು. ಲಾಭದ ಪಾಲು ಯಾರಿಗೂ ಇಲ್ಲ. ಆಡಳಿತದಲ್ಲಿ ಮಾತ್ರ ಮೂವರಿಗೂ ಮಾತು.

ಮಾತು ಮೂವರದಾದಮೇಲೆ ಜಗಳವೂ ಇರಲೇಬೇಕಲ್ಲ? ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ 1914ರಲ್ಲೇ ಬೇಸತ್ತು ಹೊರಟುಹೋದರು. ಸಂಸ್ಥೆಯಿಂದ ದೇಶಕ್ಕೇನು ಪ್ರಯೋಜನ ಎಂಬ ಪ್ರಶ್ನೆ ಪದೇ ಪದೇ ಎದ್ದಿತು.

ಉತ್ತರದ ಒಂದು ಭಾಗ ಗಂಧದ ಮರದಿಂದ ಬಂದಿತು. ಮೈಸೂರಿನಲ್ಲಿ ಗಂಧ ಸರ್ಕಾರದ ಸ್ವತ್ತು. ಕೊರಡುಗಳನ್ನು ಹರಾಜು ಹಾಕಿದರೆ ಬಹುಪಾಲು ಜರ್ಮನಿಯ ದಾರಿ ಹಿಡಿಯುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅಲ್ಲಿಯವರದು. 1914ರಲ್ಲಿ ಯುದ್ಧ ಶುರುವಾದಾಗ ಕೊಳ್ಳುವವರೇ ಇಲ್ಲವಾದರು. ಕೊರಡು ಕೊಟ್ಟಿಗೆಯಲ್ಲಿ ಉಳಿಯಿತು, ಬೊಕ್ಕಸಕ್ಕೆ ಹೊಡೆತ ಬಿತ್ತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ವಿಜ್ಞಾನ ಸಂಸ್ಥೆಯ ರಸಾಯನ ಪ್ರಯೋಗಾಲಯದಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಆ ಎಣ್ಣೆಯ ಬೆನ್ನಿಗೆ ಬಂದದ್ದೇ ನಮ್ಮ ಮೈಸೂರ್ ಸ್ಯಾಂಡಲ್ ಸಾಬೂನು.

ಇಲ್ಲೊಂದು ಸೂಕ್ಷ್ಮವಿದೆ. 1898ರ ಯೋಜನೆಯಲ್ಲಿ ಗಂಧದ ಎಣ್ಣೆ ಇರಲಿಲ್ಲ, 1907ರಲ್ಲಿ ಜಾಗ ಕೊಟ್ಟವರ ತಲೆಯಲ್ಲೂ ಇರಲಿಲ್ಲ. ‘ಇಷ್ಟು ಹಣಕ್ಕೆ ಇಷ್ಟು ಎಣ್ಣೆ’ ಎಂದು ಕರಾರು ಬರೆಸಿಕೊಂಡಿದ್ದರೆ ಸಂಸ್ಥೆಯೇ ಹುಟ್ಟುತ್ತಿರಲಿಲ್ಲ. ಪ್ರಯೋಗಾಲಯ ಮೊದಲೇ ಇದ್ದುದರಿಂದ ಕಷ್ಟಕಾಲಕ್ಕೆ ಒದಗಿತು. ಬಾವಿ ತೋಡುವುದು ಬಾಯಾರುವ ಮೊದಲು.

ಪಾಲುದಾರಿಕೆಯ ಇನ್ನೊಂದು ಮುಖಕ್ಕೂ ಬೆಂಗಳೂರೇ ಸಾಕ್ಷಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. 1941ರಲ್ಲಿ ಭಾರತ ಸರ್ಕಾರವೂ ಪಾಲು ಕೊಂಡಿತು. ಮರುವರ್ಷ, ಯುದ್ಧ ಬಾಗಿಲಿಗೆ ಬಂದಾಗ, ವಾಲ್‌ಚಂದ್ ಪಾಲನ್ನೂ ಕೊಂಡು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಅಲ್ಲೂ ಕಾರ್ಖಾನೆಯಲ್ಲೂ ದುಡಿದ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಮೊದಲ ಹೆಜ್ಜೆಯ ಧೈರ್ಯ ಉದ್ಯಮಿಯದು. ದೀರ್ಘಕಾಲ ಹೊರೆ ಹೊತ್ತ ಹೆಗಲು ಸರ್ಕಾರದ್ದು.

ಹಳೆಯ ಕಥೆ ಈಗೇಕೆ? 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆ ಮಾಡಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜಿನಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನಿಂದ, ಮುಖ್ಯವಾಗಿ ಉದ್ಯಮ ಮತ್ತು ದಾನಿಗಳಿಂದ, ಬರಬೇಕು. ಹಣ ಬಂದರೂ ಯಾವ ಕರಾರಿನ ಮೇಲೆ ಬರುತ್ತದೆ ಎಂಬುದೇ ಪ್ರಶ್ನೆ. ಕೊಟ್ಟವನು ಮೂರು ತಿಂಗಳಿಗೊಮ್ಮೆ ಲಾಭ ಕೇಳಿದರೆ ಅದು ಗುತ್ತಿಗೆ. ಸರ್ಕಾರ ಖಾಸಗಿ ಹಣ ತೋರಿಸಿ ತನ್ನ ಕೈ ಹಿಂದೆಳೆದುಕೊಂಡರೆ ಅದು ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯ. ಮೈಸೂರು ತನ್ನ ನೆಲ ಕೊಟ್ಟೂ ಪ್ರತಿವರ್ಷದ 50 ಸಾವಿರಕ್ಕೆ ಒಪ್ಪಿತ್ತು. ಟಾಟಾ ಆಸ್ತಿ ಕೊಟ್ಟೂ ಹೆಸರು ಬೇಡವೆಂದಿದ್ದರು. ಇಬ್ಬರೂ ತಮ್ಮ ಪಾಲಿನದನ್ನು ಪೂರ್ತಿ ಹಾಕಿದ್ದರಿಂದಲೇ ಆ ಲೆಕ್ಕ ಕೂಡಿಬಂದಿತು.