‘ಕೊಡಿದ’ ಎಂದ ಹುಡುಗಿಯ ವ್ಯಾಕರಣ

ನನ್ನ ಅಕ್ಕನ ಮಗಳು ಬಿ.ಎಡ್. ಓದುತ್ತಿದ್ದಾಳೆ. ಬೋಧನಾಭ್ಯಾಸಕ್ಕೆ ಅವಳಿಗೆ ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದ ಒಂದು ಶಾಲೆ, ಆರನೇ ತರಗತಿ. ಮಕ್ಕಳಲ್ಲಿ ಕೆಲವರ ಮನೆಮಾತು ತಮಿಳು, ಕೆಲವರದು ಉರ್ದು, ಒಂದಿಬ್ಬರದು ತೆಲುಗು. ಎಲ್ಲರಿಗೂ ಕನ್ನಡ ದ್ವಿತೀಯ ಭಾಷೆ. ಮೊದಲ ವಾರ ಮುಗಿಸಿಕೊಂಡು ಇಂದಿರಾನಗರದ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು: “ಚಿಕ್ಕಮ್ಮ, ಒಂದು ಹುಡುಗಿ ‘ಅವನು ನನ್ ಪೆನ್ಸಿಲ್ ವಾಪಸ್ ಕೊಡಿದ ಮಿಸ್’ ಅಂತಾಳೆ. ತಿದ್ದಿದೆ. ‘ಕೊಟ್ಟ’ ಅಂತ ಹತ್ತು ಸಲ ಬರೆಸಿದೆ. ಮಾರನೇ ದಿನ ಮತ್ತೆ ‘ಕೊಡಿದ’. ಇದನ್ನೆಲ್ಲ ಎಲ್ಲಿಂದ ಕಲಿತು ಬರ್ತಾವೋ!”

ಬೇಸರದಲ್ಲಿ ಆಡಿದ ಮಾತಾದರೂ ಕೇಳಬೇಕಾದ ಪ್ರಶ್ನೆ ಅದೇ. ಎಲ್ಲಿಂದ ಕಲಿತಳು?

ಯಾರಿಂದಲೋ ಕೇಳಿ ಕಲಿತಿರಲಾರಳು. ಕನ್ನಡದವರು ಯಾರೂ ‘ಕೊಡಿದ’ ಅನ್ನುವುದಿಲ್ಲ. ಮನೆಯಿಂದ ತಂದಿದ್ದೂ ಅಲ್ಲ. ಆ ಹುಡುಗಿಯ ಮನೆಮಾತು ತಮಿಳು. ‘ಕೊಟ್ಟ’ ಎನ್ನುವುದಕ್ಕೆ ತಮಿಳಿನಲ್ಲಿ ‘ಕೊಡುತ್ತಾನ್’ ಎನ್ನುತ್ತಾರೆ. ಮನೆಯ ನುಡಿಯನ್ನೇ ಎಳೆದು ತಂದಿದ್ದರೆ ಅವಳ ತಪ್ಪು ನಮ್ಮ ‘ಕೊಡುತ್ತಾನೆ’ಯ ಕಡೆಗೆ ವಾಲಬೇಕಿತ್ತು. ಹಾಗಾದರೆ ‘ಕೊಡಿದ’ ಬಂದದ್ದು ಕನ್ನಡದೊಳಗಿನಿಂದಲೇ. ಮಾಡು–ಮಾಡಿದ, ಓಡು–ಓಡಿದ, ನೋಡು–ನೋಡಿದ, ಹಾಡು–ಹಾಡಿದ. ಇಷ್ಟು ಕೇಳಿದ ಮಗು, ಯಾರೂ ಹೇಳಿಕೊಡದೆ, ಒಳಗೊಳಗೇ ಒಂದು ಸೂತ್ರ ಕಟ್ಟಿಕೊಂಡಿದೆ. ಅದನ್ನು ‘ಕೊಡು’ವಿಗೂ ಹಚ್ಚಿ ನೋಡಿದೆ.

ಇಲ್ಲಿ ಇನ್ನೂ ಒಂದು ಸೊಗಸಿದೆ. ಕೊಡು–ಕೊಟ್ಟ, ಬಿಡು–ಬಿಟ್ಟ, ಇಡು–ಇಟ್ಟ, ಸುಡು–ಸುಟ್ಟ, ಕೆಡು–ಕೆಟ್ಟ, ತೊಡು–ತೊಟ್ಟ. ಇವುಗಳ ಪಕ್ಕದಲ್ಲಿ ಬೇಡು–ಬೇಡಿದ, ಕಾಡು–ಕಾಡಿದ, ಹೂಡು–ಹೂಡಿದ ಇಟ್ಟು ನೋಡಿ. ಇಂಥ ಎರಡಕ್ಷರದ ಕ್ರಿಯಾಪದಗಳಲ್ಲಿ ‘ಡು’ವಿನ ಹಿಂದಿನ ಸ್ವರ ದೀರ್ಘವಾದರೆ ‘ಡಿದ’, ಹ್ರಸ್ವವಾದರೆ ‘ಟ್ಟ’. ಹುಟ್ಟಿನಿಂದ ಕನ್ನಡ ಆಡುವ ನಾವು ದಿನಕ್ಕೆ ನೂರು ಸಲ ಈ ನಿಯಮ ಪಾಲಿಸುತ್ತೇವೆ. ಆದರೆ ನಿಯಮ ಹೇಳಿ ಎಂದರೆ ನಮ್ಮಲ್ಲಿ ಹೆಚ್ಚಿನವರ ಬಾಯಿ ಕಟ್ಟುತ್ತದೆ. ಭಾಷೆ ನಮ್ಮೊಳಗೆ ಇಳಿದಿದ್ದು ನಿಯಮವಾಗಿ ಅಲ್ಲ. ಶಿವಾಜಿನಗರದ ಆ ಹುಡುಗಿ ಎರಡು ಸೂತ್ರಗಳಲ್ಲಿ ಮೊದಲನೆಯದನ್ನು ಹಿಡಿದಿದ್ದಾಳೆ, ಎರಡನೆಯದರ ಹಾದಿಯಲ್ಲಿದ್ದಾಳೆ.

ಎಡಿನ್‌ಬರೋದ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಹೇಳಿದ್ದು ಇದನ್ನೇ: ಕಲಿಯುವವರ ತಪ್ಪು ಅಳಿಸಿಹಾಕಬೇಕಾದ ಕಲೆಯಲ್ಲ, ಅವರ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಶಿಕ್ಷಕರಿಗೆ ತೋರಿಸುವ ಕಿಟಕಿ. 1972ರಲ್ಲಿ ಲ್ಯಾರಿ ಸೆಲಿಂಕರ್, ಕಲಿಯುವವರಿಗೆ ತಮ್ಮದೇ ಆದ ಒಂದು ನಡುವಿನ ಭಾಷೆ ಇರುತ್ತದೆ ಎಂದರು. ಅದು ಮನೆಮಾತೂ ಅಲ್ಲ, ಕಲಿಯುತ್ತಿರುವ ಭಾಷೆಯೂ ಅಲ್ಲ. ಆದರೆ ಅದಕ್ಕೂ ಅದರದೇ ವ್ಯಾಕರಣವಿದೆ, ದಿನದಿನಕ್ಕೆ ಅದು ಬದಲಾಗುತ್ತದೆ.

ಮನೆಮಾತು ಕಾಲು ಹಿಡಿದೆಳೆಯುವುದಿಲ್ಲವೆಂದೇನೂ ಅಲ್ಲ. ಉರ್ದುವಿನಲ್ಲಿ ಕುರ್ಚಿಯೂ ಸ್ತ್ರೀಲಿಂಗ, ಪುಸ್ತಕವೂ ಸ್ತ್ರೀಲಿಂಗ. ಉರ್ದು ಮನೆಯ ಮಗು ‘ಕುರ್ಚಿ ಬಿದ್ದಳು’ ಎಂದರೆ ಅಚ್ಚರಿಪಡಬೇಕಿಲ್ಲ. ಅದೇ ಮಗುವಿಗೆ ‘ನನಗೆ ಹಸಿವಾಗಿದೆ’ ಕಷ್ಟವಾಗುವುದಿಲ್ಲ. ಉರ್ದುವಿನ ‘ಮುಝೆ ಭೂಕ್ ಲಗೀ ಹೈ’, ತಮಿಳಿನ ‘ಎನಕ್ಕು ಪಸಿಕ್ಕಿದು’ ಎರಡರಲ್ಲೂ ಹಸಿವು ‘ನನಗೆ’ ಆಗುವಂಥದ್ದೇ. ಭಾಷಾಕುಲಗಳು ಬೇರೆಯಾದರೂ ಅವು ಸಾವಿರಾರು ವರ್ಷ ಅಕ್ಕಪಕ್ಕ ಬಾಳಿವೆ. ತಮಿಳು ಮಗುವಿಗಂತೂ ಪಾಲ್ ಹಾಲಾಗಿ, ಪುಲಿ ಹುಲಿಯಾಗಿ, ಪಲ್ ಹಲ್ಲಾಗಿ ಸಾಲಾಗಿ ಸಿಗುತ್ತವೆ. ಈ ಮಕ್ಕಳು ಖಾಲಿ ಕೈಯಲ್ಲಿ ತರಗತಿಗೆ ಬರುವುದಿಲ್ಲ.

ಇಷ್ಟು ಭಾಷೆಗಳು ಒಂದೇ ಬೆಂಚಿನ ಮೇಲೆ ಕೂತದ್ದಕ್ಕೆ ಚರಿತ್ರೆಯ ಕಾರಣವಿದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು. ಸಿಪಾಯಿಗಳ ಜೊತೆ ಅಡುಗೆಯವರು, ಗಾಡಿಯವರು, ದರ್ಜಿಗಳು, ವ್ಯಾಪಾರಿಗಳು ಮದರಾಸು ಸೀಮೆಯಿಂದ ಬಂದು ಇಂದಿನ ಶಿವಾಜಿನಗರವಾದ ಬ್ಲಾಕ್‌ಪಳ್ಳಿಯಲ್ಲಿ, ಹಲಸೂರಿನಲ್ಲಿ ನೆಲೆ ನಿಂತರು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆಯ ಬೆಂಗಳೂರು, ದಂಡಿನ ಬೆಂಗಳೂರು ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಅಲ್ಲಿಯವರೆಗೆ ಈ ಭಾಗದ ಕಚೇರಿಗೂ ಕನ್ನಡಕ್ಕೂ ನಂಟು ಕಡಿಮೆ. ಈಗ ಕೆ.ಆರ್. ಪುರದ ಕಡೆಯ ಹೊಸ ವಲಸಿಗರ ಮಕ್ಕಳೂ ಸೇರಿಕೊಂಡಿದ್ದಾರೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇರಲೇಬೇಕು. ಕಾನೂನು ಮಗುವನ್ನು ಕನ್ನಡದ ಪಿರಿಯಡ್ಡಿಗೆ ಕರೆತರುತ್ತದೆ. ಆ ಪಿರಿಯಡ್ಡಿನಲ್ಲಿ ಏನು ನಡೆಯಬೇಕು ಎನ್ನುವುದು ನನ್ನ ಅಕ್ಕನ ಮಗಳಂಥವರ ಕೈಯಲ್ಲಿದೆ.

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವವರಿಗೆಲ್ಲ ‘ಗಳಿಕೆ ಮತ್ತು ಕಲಿಕೆ’ ಎಂಬ ವಿಷಯ ಗೊತ್ತು. ಅಮೆರಿಕದ ಸ್ಟೀಫನ್ ಕ್ರಾಶೆನ್ ಪ್ರಸಿದ್ಧಗೊಳಿಸಿದ ಭೇದ ಅದು: ನಿಯಮ ತಿಳಿದು ಅಭ್ಯಾಸ ಮಾಡುವುದು ಕಲಿಕೆ, ಅರ್ಥವಾಗುವ ಮಾತು ಕಿವಿಗೆ ಬೀಳುತ್ತ ಬೀಳುತ್ತ ತಾನಾಗಿ ಒಳಗಿಳಿಯುವುದು ಗಳಿಕೆ. ನಾಲ್ಕು ಆಯ್ಕೆಗಳಲ್ಲಿ ಸರಿಯುತ್ತರ ಗುರುತಿಸುವಷ್ಟಕ್ಕೇ ಇದು ಮುಗಿದುಹೋಗುವುದು ನನಗೆ ಸಂಕಟದ ವಿಷಯ. ಗಳಿಕೆ ಹೇಗಿರುತ್ತದೆಂದು ನೋಡಬೇಕಾದರೆ ಇಂದಿರಾನಗರದಲ್ಲಿ ಮೆಟ್ರೊ ಹತ್ತಿದರೆ ಸಾಕು. ‘ಮುಂದಿನ ನಿಲ್ದಾಣ’ ಎನ್ನುತ್ತದೆ ಧ್ವನಿ, ಹಲಸೂರಿನ ಹೆಸರು ಬರುತ್ತದೆ, ರೈಲು ನಿಲ್ಲುತ್ತದೆ, ಕಿಟಕಿಯಾಚೆ ಹಲಸೂರಿನ ಫಲಕ. ಮತ್ತೆ ಅದೇ ಮಾತು, ಈ ಸಲ ಟ್ರಿನಿಟಿ. ಮಾತು ಒಂದೇ, ಬದಲಾಗುವುದು ಹೆಸರು ಮಾತ್ರ, ಅರ್ಥ ಕಣ್ಣೆದುರಿಗೇ ಇದೆ. ಆ ಧ್ವನಿ ಕೊಟ್ಟ, 2024ರಲ್ಲಿ ತೀರಿಕೊಂಡ ನಿರೂಪಕಿ ಅಪರ್ಣಾ ಅವರ ತಿಳಿಯಾದ ಉಚ್ಚಾರಣೆಯಿಂದ ‘ನಿಲ್ದಾಣ’ ಎಂಬ ಪದ ಕಲಿತವರು ಈ ಊರಿನಲ್ಲಿ ಎಷ್ಟು ಮಂದಿಯೋ. ಯಾರೂ ಅದಕ್ಕೆಂದು ಪುಸ್ತಕ ತೆರೆದಿರಲಾರರು.

ಆದರೆ ಇದು ಶಾಲೆಯಲ್ಲಿ ನಡೆಯುತ್ತದೆಯೆ, ಒಬ್ಬ ಶಿಕ್ಷಕರೆದುರು ಮಕ್ಕಳು ಕಿಕ್ಕಿರಿದ ತರಗತಿಯಲ್ಲಿ? ಈ ಪ್ರಶ್ನೆಯನ್ನು ಜಗತ್ತಿನಲ್ಲೇ ಬಹಳ ಗಟ್ಟಿಯಾಗಿ ಕೇಳಿದ ಪ್ರಯೋಗವೊಂದಕ್ಕೆ ನಮ್ಮ ಊರಿನ ಹೆಸರೇ ಇದೆ. ಹೊರದೇಶಗಳ ಶಿಕ್ಷಕರ ತರಬೇತಿಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಓದುತ್ತಾರೆ. ಬೆಂಗಳೂರಿನಲ್ಲೇ ಬಿ.ಎಡ್. ಓದುವ ನನ್ನ ಅಕ್ಕನ ಮಗಳು ಅದರ ಹೆಸರು ಕೇಳಿರಲಿಲ್ಲ.

ಎನ್.ಎಸ್. ಪ್ರಭು ಆಗ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ಇಂಗ್ಲಿಷ್ ಕಲಿಸುವ ಬಗೆಯನ್ನೇ ಬದಲಿಸಿದರು. ಅಲ್ಲಿಯತನಕ ಆಳುತ್ತಿದ್ದದ್ದು ರಚನಾಕ್ರಮ: ಇವತ್ತು ಒಂದು ವಾಕ್ಯದ ಅಚ್ಚು, ನಾಳೆ ಇನ್ನೊಂದು, ಎಲ್ಲರೂ ಒಕ್ಕೊರಲಿನಲ್ಲಿ ಗಿಣಿಪಾಠ. ಪ್ರಭು ಅದನ್ನು ಬಿಟ್ಟು ಮಕ್ಕಳ ಮುಂದೆ ಒಂದು ಕೆಲಸ ಇಟ್ಟರು. ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹುಡುಕುವುದು, ಲೆಕ್ಕ ಹಾಕುವುದು. ಮೊದಲು ಅಂಥದೇ ಒಂದು ಕೆಲಸವನ್ನು ಶಿಕ್ಷಕರು ಇಡೀ ತರಗತಿಯೊಂದಿಗೆ ಗಟ್ಟಿಯಾಗಿ ಮಾತಾಡುತ್ತ ಬಿಡಿಸುತ್ತಾರೆ. ಆಮೇಲೆ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಅಂಕ ಉತ್ತರಕ್ಕೆ, ಭಾಷೆಗಲ್ಲ. ತಪ್ಪು ಮಾತಾಡಿದರೆ ಶಿಕ್ಷಕರು ಸರಿಯಾದ ರೂಪವನ್ನು ಸಹಜವಾಗಿ ಮಾತಿನಲ್ಲೇ ಸೇರಿಸಿ ಮುಂದೆ ಹೋಗುತ್ತಾರೆ. ಪಾಠ ನಿಲ್ಲಿಸಿ ವ್ಯಾಕರಣ ಹೇಳುವುದಿಲ್ಲ. ಕೆಲಸದ ಹದ ಅಳೆಯಲು ಪ್ರಭು ಒಂದು ಸರಳ ಅಳತೆ ಇಟ್ಟುಕೊಂಡಿದ್ದರು: ತರಗತಿಯ ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟು ಕೆಲಸ ಸರಿಯಾಗಿ ಮಾಡುವಂತಿರಬೇಕು. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ಅದರ ಹಿಂದೆ ಬೆಳೆಯುತ್ತದೆ ಎನ್ನುವುದು ಅವರ ನಂಬಿಕೆ.

ಪ್ರಾಜೆಕ್ಟಿನ ಫಲ ಅಳೆಯಲು 1984ರಲ್ಲಿ ಸಂಶೋಧಕರಾದ ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಪರೀಕ್ಷೆ ನಡೆಸಿದರು. ಹಳೆಯ ಕ್ರಮದ ಮಕ್ಕಳು ರಚನೆಗಳ ಪರೀಕ್ಷೆಯಲ್ಲಿ ಮುಂದಿದ್ದರು, ಪ್ರಾಜೆಕ್ಟಿನ ಮಕ್ಕಳು ತಮ್ಮ ಬಗೆಯ ಕೆಲಸಗಳಲ್ಲಿ. ಯಾವ ಪಕ್ಷಕ್ಕೂ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಾಜೆಕ್ಟಿನ ಮಕ್ಕಳದೇ ಮೇಲುಗೈ. ಇದು ಪೂರ್ತಿ ತೀರ್ಪಲ್ಲ. ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿರಲಿಲ್ಲ, ಇದ್ದ ತರಗತಿಗಳನ್ನೇ ಹೋಲಿಸಿದ್ದರು. ಪ್ರಯೋಗದ ಶಿಸ್ತಿನ ಬಗ್ಗೆ ಆಕ್ಷೇಪ ಎತ್ತಿದವರಲ್ಲಿ ಬೆರೆಟ್ಟಾ ಅವರೂ ಒಬ್ಬರು. ಆದರೂ ಸಾಧಾರಣ ಶಾಲೆಯಲ್ಲಿ, ಕರಿಹಲಗೆ ಮತ್ತು ಸೀಮೆಸುಣ್ಣದಿಂದಲೇ ಇದು ಆಗುತ್ತದೆಂದು ತೋರಿಸಿದ್ದು ಸಣ್ಣ ಸಂಗತಿಯಲ್ಲ. ಕೆಲಸವನ್ನೇ ಪಾಠವಾಗಿಸುವ ಕ್ರಮ ಇಂದು ಹಲವು ದೇಶಗಳಲ್ಲಿದೆ, ಅದರ ಬೇರು ಇಲ್ಲಿದೆ. ಇಂಗ್ಲಿಷಿಗೆ ಆದದ್ದು ಕನ್ನಡಕ್ಕೂ ಆಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಎಚ್ಚರ ಬೇಕು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಣ್ಣಿನ ಗಾಡಿಯಾತ ಮೂರು ಗಿರಾಕಿಗಳೊಂದಿಗೆ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾನೆ. ಆತನ ಮಗಳೂ ಆಟದ ಬಯಲಲ್ಲಿ ಪಟಪಟ ಕನ್ನಡ ಆಡುತ್ತಾಳೆ. ಆದರೆ ಪುಸ್ತಕ ತೆರೆದರೆ ತಡವರಿಸುತ್ತಾಳೆ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಾತಿನ ಭಾಷೆ, ಓದಿನ ಭಾಷೆ ಬೇರೆಬೇರೆ ಎಂದು ಗುರುತಿಸಿದರು. ಮೊದಲನೆಯದು ಸುಮಾರು 2 ವರ್ಷಕ್ಕೆ ಬರುತ್ತದೆ, ಎರಡನೆಯದಕ್ಕೆ 5ರಿಂದ 7 ವರ್ಷ. ‘ಆವಿಯಾಗುವಿಕೆ’, ‘ಭಿನ್ನರಾಶಿ’ ಬೀದಿಯಲ್ಲಿ ಸಿಗುವ ಮಾತುಗಳಲ್ಲ. ಅವನ್ನು ಕೊಡುವ ಜಾಗ ಶಾಲೆ ಮಾತ್ರ. “ಚೆನ್ನಾಗಿ ಮಾತಾಡ್ತಾಳೆ, ಓದೋಕೆ ಮಾತ್ರ ಸೋಮಾರಿ” ಎಂದು ಅಂಥ ಮಗುವಿಗೆ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಮುಂದಿನ ವಾರ ನನ್ನ ಅಕ್ಕನ ಮಗಳು ಪಾಠಯೋಜನೆ ಬದಲಿಸಿದಳು. ಬೋರ್ಡಿನ ಮೇಲೆ ಮೆಟ್ರೊ ಗೆರೆ ಎಳೆದು, ಕೆ.ಆರ್. ಪುರದಲ್ಲಿ ಹತ್ತಿದ ಅಜ್ಜಿ ಸೋಮೇಶ್ವರ ದೇವಸ್ಥಾನಕ್ಕೆ ಹೋಗಬೇಕು, ಎಲ್ಲಿ ಇಳಿಯಬೇಕು, ಅದು ಎಷ್ಟನೇ ನಿಲ್ದಾಣ ಎಂದು ಕೇಳಿದಳು. ನಾಲ್ಕೋ ಐದೋ ಎಂದು ಜಗಳವೇ ಆಯಿತಂತೆ. ಬೆನ್ನಿಗಾನಹಳ್ಳಿಯನ್ನು ಮರೆತವರು ನಾಲ್ಕು ಎಂದರು. ಜಗಳ ನಡೆದದ್ದು ಕನ್ನಡದಲ್ಲಿ. ‘ಕೊಡಿದ’ ಹುಡುಗಿ ಎದ್ದು ನಿಂತು, “ಅಜ್ಜಿ ದುಡ್ಡು ಕೊಡಿದ್ಲು, ಟೋಕನ್ ತಗೊಂಡ್ಲು, ಐದನೇದ್ರಲ್ಲಿ ಇಳಿದ್ಲು” ಎಂದಳಂತೆ. ಉತ್ತರ ಸರಿ, ಐದನೆಯದು ಹಲಸೂರು.

ಶಿಕ್ಷಕರಾಗಲು ಹೊರಟಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ತರಗತಿಯಲ್ಲೂ ಇಂಥ ಮಗು ಇದ್ದೇ ಇರುತ್ತದೆ. ಕೆಂಪು ಪೆನ್ನು ಪಕ್ಕಕ್ಕಿಡಿ. “ಹೌದಾ? ದುಡ್ಡು ಕೊಟ್ಟಳಾ? ಎಷ್ಟು ಕೊಟ್ಟಳು?” ಎಂದು ಕೇಳಿ, ಉತ್ತರಕ್ಕೆ ಕಾಯಿರಿ.